3500 ಕೆವಿಗೆ 3ಎಸ್ ಹಾಕೋ ಮುಂಚೆ ಇದನ್ನೊಂದು ಓದಿ

ನಿಮ್ಮ ಕ್ರಾಲರ್‌ಗೆ (ಬಂಡೆ ಹತ್ತೋ ರಿಮೋಟ್ ಗಾಡಿ) ಅಂತ ಹಾಕಿದ ಆ 3ಎಸ್ (ಮೂರು ಸೆಲ್‌ನ, 11.1 ವೋಲ್ಟ್) ಲಿಪೋ ಬ್ಯಾಟರಿ ಆರ್ಡರ್ ಇನ್ನೂ ಹೊರಟಿಲ್ಲ ಅಂದ್ರೆ ಮೊದಲು ಕ್ಯಾನ್ಸಲ್ ಮಾಡಿ, ಆಮೇಲೆ ಮಿಕ್ಕಿದ್ದು ಓದಿ. 3500 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಅಷ್ಟು ಸುತ್ತು) ಸೆನ್ಸರ್ಡ್ ಮೋಟರ್ ಇದೆ, 2ಎಸ್‌ನಲ್ಲಿ (ಎರಡು ಸೆಲ್, 7.4 ವೋಲ್ಟ್) ಕಡಿದಾದ ಬಂಡೆ ಹತ್ತೋವಾಗ ತಡವರಿಸಿ ನಿಂತುಬಿಡುತ್ತೆ, ವೋಲ್ಟೇಜ್ ಏರಿಸಿದ್ರೆ ಟಾರ್ಕ್ (ತಿರುಗಿಸೋ ಬಲ) ಬರುತ್ತೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ನಂಬಿ ಇದನ್ನೇ ಮಾಡಿದ್ದೆ. ಬರಲ್ಲ ಸ್ವಾಮಿ. ವೋಲ್ಟೇಜ್ ಕೊಡೋದು ಆರ್‌ಪಿಎಂ. ಟಾರ್ಕ್ ಬರೋದು ಆಂಪಿಯರ್‌ನಿಂದ, ಗೇರಿಂಗ್‌ನಿಂದ.

3500 ಕೆವಿ 7.4 ವೋಲ್ಟ್‌ಗೇ 25,900 ತಿರುಗುತ್ತೆ. 11.1 ಕೊಟ್ರೆ 38,850. ಬಂಡೆ ಮೇಲೆ ನಿಮಗೆ ಬೇಕಿರೋದು ರಿಮೋಟ್ ಟ್ರಿಗರ್‌ನ ಮೊದಲ ಕಾಲು ಭಾಗ ಮಾತ್ರ, ಆ ಕಾಲು ಭಾಗದೊಳಗೇ ಒಂದೂವರೆ ಪಟ್ಟು ವೇಗ ತುರುಕಿದ ಹಾಗಾಗುತ್ತೆ.

ನಾನು 3ಎಸ್ ಹಾಕಿಕೊಂಡು ಹೋಗಿದ್ದು ರಾಮನಗರದ ಕಡೆ, ಗೆಳೆಯರ ತೋಟದ ಹಿಂದಿನ ಬಂಡೆಗೆ. ಮೊಣಕಾಲೆತ್ತರದ ಒಂದು ಮೆಟ್ಟಿಲು. ಮುಂದಿನ ಎಡ ಚಕ್ರ ಅಂಚಿಗೆ ಕಚ್ಚಿಕೊಂಡಿತ್ತು, ಅರ್ಧ ಇಂಚು ಸರಿದಿದ್ರೆ ಸಾಕಿತ್ತು. ಟ್ರಿಗರ್ ಒಂದೆಳೆ ಒತ್ತಿದೆ, ಅಲ್ಲಾಡಲಿಲ್ಲ. ಇನ್ನೊಂದೆಳೆ ಒತ್ತಿದೆ, ಗಾಡಿ ಎಗರಿ ಅಂಗಾತ ಬಿತ್ತು. ನಾಲ್ಕು ಸಲ ಹೀಗೇ. ಐದನೇ ಸಲ ಟೈರ್ ಹಿಡೀತು, ಆದ್ರೆ ಒಳಗಿಂದ ಕರಕರ ಸದ್ದು. ಮೋಟರ್ ಮೇಲೆ ಬೆರಳಿಟ್ರೆ ಮೂರು ಎಣಿಸೋಕೆ ಆಗ್ಲಿಲ್ಲ. ಗೇರ್ ಕವರ್ ಬಿಚ್ಚಿದ್ರೆ ಸ್ಪರ್‌ನಲ್ಲಿ (ದೊಡ್ಡ ಗೇರ್) ಒಂದೇ ಕಡೆ ಆರು ಹಲ್ಲು ಬೋಳು, ಒಳಗೆಲ್ಲ ತೆಂಗಿನ ತುರಿ ಥರ ಪ್ಲಾಸ್ಟಿಕ್. ಅದೇ ದಿನ ಸ್ಟೀರಿಂಗ್ ಸರ್ವೋನೂ (ಚಕ್ರ ತಿರುಗಿಸೋ ಸಣ್ಣ ಮೋಟರ್) ಸುಟ್ಟುಹೋಯ್ತು, ಯಾಕಂದ್ರೆ ಅದಕ್ಕೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟಿದ್ದೆ. 8.4 ವೋಲ್ಟ್ ಮಿತಿಯ ಸರ್ವೋಗೆ ಫುಲ್ ಚಾರ್ಜ್ 3ಎಸ್‌ನ 12.6 ಹೋದ್ರೆ ಏನಾಗುತ್ತೆ? ನಿಮ್ಮದೂ ನೇರ ವೈರಿಂಗ್ ಅಂದ್ರೆ ಇವತ್ತೇ ಸರ್ವೋ ಲೇಬಲ್ ಓದಿ.

ಈಗ ನಿಮ್ಮ ಗಾಡಿ ಯಾಕೆ ನಿಲ್ಲುತ್ತೆ ಅಂತ ನೋಡೋಣ. ತಡವರಿಸುತ್ತೆ ಅಂದ್ರಲ್ಲ, ಮೊದಲು ಸೆನ್ಸರ್ ಕೇಬಲ್ ಎರಡೂ ತುದಿ ಕಿತ್ತು ಮತ್ತೆ ಕೂರಿಸಿ. ಅದು ಸಡಿಲ ಇದ್ರೆ ಸೆನ್ಸರ್ಡ್ ಮೋಟರ್ ಕೂಡ ನಿಧಾನದಲ್ಲಿ ಕಾಗಿಂಗ್ (ಜರ್ಕ್ ಹೊಡೆದು ತಡವರಿಸೋದು) ಮಾಡುತ್ತೆ, ಜನ ಅದನ್ನ ಟಾರ್ಕ್ ಸಾಲ್ದು ಅಂದ್ಕೋತಾರೆ. ಆಮೇಲೆ ಲೋಡ್ ಇರೋವಾಗ ಪ್ಯಾಕ್‌ನ ಬ್ಯಾಲೆನ್ಸ್ ಲೀಡ್‌ನಲ್ಲಿ (ಪ್ರತಿ ಸೆಲ್‌ಗೂ ಹೋಗೋ ಸಣ್ಣ ವೈರುಗಳು) ಸೆಲ್ ವೋಲ್ಟೇಜ್ ನೋಡಿ. ಚಾರ್ಜ್ ಆಗಿರೋ ಪ್ಯಾಕ್ ಸೆಲ್‌ಗೆ 3.2 ವೋಲ್ಟ್‌ಗಿಂತ ಕೆಳಗೆ ಕುಸಿದ್ರೆ ಬ್ಯಾಟರಿ ಮುದಿಯಾಗಿದೆ, ಮೋಟರ್‌ನ ದೂರಬೇಡಿ. ಇವೆರಡೂ ಸರಿ ಇದ್ರೆ ಪಿನಿಯನ್ (ಮೋಟರ್ ಶಾಫ್ಟ್‌ನ ಸಣ್ಣ ಗೇರ್) ಇಳಿಸಿ. 14 ಹಲ್ಲಿನದು ಇದ್ರೆ 11ರದ್ದು ಹಾಕಿ, ಚಕ್ರಕ್ಕೆ 27 ಪರ್ಸೆಂಟ್ ಟಾರ್ಕ್ ಜಾಸ್ತಿ. ಒಂದು ಪಿನಿಯನ್ ಬೆಲೆಯಲ್ಲಿ ಮುಗಿಯೋ ಕೆಲಸ. ಮೆಶ್ ಹಾಕೋವಾಗ (ಎರಡು ಗೇರ್ ಹಲ್ಲು ಕೂಡಿಸೋವಾಗ) ನಡುವೆ ಒಂದು ಕಾಗದದ ತುಂಡು ಇಟ್ಟು ಬಿಗಿ ಮಾಡಿ, ಕಣ್ಣಂದಾಜು ಬೇಡ.

3ಎಸ್ಸೇ ಬೇಕು ಅಂತಿದ್ರೆ ಮೋಟರ್ ಬದಲಾಯಿಸಿ, ಅದು ಒಳ್ಳೇ ದಾರಿನೇ. 2700 ಕೆವಿ 2ಎಸ್‌ನಲ್ಲಿ, 1800 ಕೆವಿ 3ಎಸ್‌ನಲ್ಲಿ, 1350 ಕೆವಿ 4ಎಸ್‌ನಲ್ಲಿ, ಮೂರೂ 19,980 ಆರ್‌ಪಿಎಂಗೇ ಬಂದು ನಿಲ್ತವೆ. ವ್ಯತ್ಯಾಸ ಏನಂದ್ರೆ, 1800ರದ್ದು ಅಷ್ಟೇ ಆಂಪಿಯರ್‌ಗೆ 3500ರ ಸುಮಾರು ಎರಡರಷ್ಟು ಟಾರ್ಕ್ ಕೊಡುತ್ತೆ, ವೈರು, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ತಣ್ಣಗಿರ್ತವೆ. ಹಾಗಂತ ಪುಕ್ಕಟೆ ಅಲ್ಲ, ಕೆವಿ ಇಳಿಸೋಕೆ ತಂತಿ ಸುತ್ತು ಜಾಸ್ತಿ ಆದಾಗ ಕಾಯಿಲ್ ರೆಸಿಸ್ಟೆನ್ಸೂ ಏರುತ್ತೆ, ಹಾಗಾಗಿ ಪುಟ್ಟ ಮೋಟರ್‌ನಿಂದ ಪವಾಡ ನಿರೀಕ್ಷಿಸಬೇಡಿ. ನನ್ನ ಗಾಡಿಲಿ ಈಗ ಹಾಬಿವಿಂಗ್ ಫ್ಯೂಷನ್ ಎಸ್‌ಇ 1800 ಮೋಟರ್ ಇದೆ, 3ಎಸ್‌ನಲ್ಲಿ ಬಸವನಹುಳು ಥರ ಹತ್ತುತ್ತೆ, ಇಳಿಜಾರಲ್ಲಿ ನಿಂತಲ್ಲೇ ನಿಲ್ಲುತ್ತೆ. ಅದರಲ್ಲಿ ಇಎಸ್‌ಸಿ ಮೋಟರ್ ಒಳಗೇ ಇರೋದ್ರಿಂದ ಒಂದು ಹೋದ್ರೆ ಎರಡೂ ಹೋದ ಹಾಗೆ, ಅದನ್ನ ಮನಸ್ಸಲ್ಲಿಟ್ಟುಕೊಂಡು ತಗೊಳ್ಳಿ. ಹೆಸರೇ ಕೇಳದ ಅಗ್ಗದ ಮೋಟರ್-ಇಎಸ್‌ಸಿ ಕಾಂಬೋ ಮಾತ್ರ ಬೇಡ, ಡ್ರ್ಯಾಗ್ ಬ್ರೇಕ್ (ಟ್ರಿಗರ್ ಬಿಟ್ಟಾಗ ಗಾಡಿ ಹಿಡಿದು ನಿಲ್ಲಿಸೋದು) ಸೆಟ್ಟಿಂಗೂ ಸರಿಯಾಗಿ ಇರಲ್ಲ.

ಪ್ಯಾಕ್ ಆರಿಸೋವಾಗ ಎಂಎಎಚ್ ಒಂದೇ ನೋಡಿ ಮೋಸ ಹೋಗಬೇಡಿ. 2ಎಸ್ 5000 ಅಂದ್ರೆ 37 ವಾಟ್ ಅವರ್, 3ಎಸ್ 3300 ಕೂಡ ಹತ್ತಿರ ಹತ್ತಿರ ಅಷ್ಟೇ. ಕ್ರಾಲರ್‌ಗೆ ನಾನು 3ಎಸ್ 2200ರ ಮೇಲೆ ಹೋಗಲ್ಲ. ಸಣ್ಣ ಪ್ಯಾಕನ್ನ ಮುಂದಿನ ಆಕ್ಸಲ್ ಹತ್ತಿರ, ಆದಷ್ಟು ಕೆಳಗೆ ಕೂರಿಸಿ. ಹತ್ತೋ ಗಾಡಿಗೆ ತೂಕ ಮುಂದಿರಬೇಕು, ಹಿಂದೆ ಅಲ್ಲ. ಇಎಸ್‌ಸಿಲಿ ಬ್ಯಾಟರಿ ಟೈಪ್ ಲಿಪೋ ಅಂತಲೇ ಇದೆಯಾ ಒಮ್ಮೆ ನೋಡಿ. ನಿಕಲ್ ಮೋಡಲ್ಲಿ ಬಿಟ್ರೆ ಕಟಾಫ್ (ಇಎಸ್‌ಸಿ ಕರೆಂಟ್ ನಿಲ್ಲಿಸೋ ವೋಲ್ಟೇಜ್) ತೀರಾ ಕೆಳಗೆ ಇಳಿದು ಪ್ಯಾಕ್ ಊದಿಕೊಳ್ಳುತ್ತೆ. ವಾರಗಟ್ಟಲೆ ಓಡಿಸಲ್ಲ ಅಂದ್ರೆ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ, ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿ ಕಾರ್ ಡಿಕ್ಕಿಲಿ ಬಿಡಬೇಡಿ.

ಇನ್ನೊಂದು. ಈ ಥ್ರೆಡ್‌ನಲ್ಲಿ ಯಾರೋ ರಾಮದೇವರ ಬೆಟ್ಟದಲ್ಲಿ ಸೇರೋಣ ಅಂದಿದ್ರಿ. ಅದು ರಣಹದ್ದುಗಳ ಧಾಮ, ಅಲ್ಲಿ ಗಾಡಿ ಇಳಿಸೋ ಮಾತೇ ಬೇಡ.

ಪಿನಿಯನ್, ಸ್ಪರ್ ಹಲ್ಲು ಎಣಿಸಿ ಹಾಕಿ, ಇಎಸ್‌ಸಿ ಲೇಬಲ್ ಫೋಟೋನೂ ಇರಲಿ, ಎಷ್ಟಕ್ಕೆ ಇಳಿಸಬಹುದು ಅಂತ ಲೆಕ್ಕ ಹಾಕಿ ಹೇಳ್ತೀನಿ.