ನೆನಪಿನಿಂದ ಭೂದೃಶ್ಯದ ಚಿತ್ರ ಬರೆಯುವುದು ಅಂದರೇನು? ಎದುರಿಗಿರುವುದನ್ನು ನೋಡಿ ಬರೆದರೆ ಸಾಲದೇ?

ಸಾಲದು ಅಂತಲ್ಲ, ಅದು ಬೇರೆಯದೇ ಕೆಲಸ. ಚಿತ್ರಕಲಾವಿದ ಪೀಟರ್ ಡಾಯ್ಗ್ ಅವರ ಚಿತ್ರಗಳನ್ನು ನೋಡಿ. 1959ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಟ್ರಿನಿಡಾಡ್ ಮತ್ತು ಕೆನಡಾದಲ್ಲಿ ಬೆಳೆದವರು. ಕೆನಡಾದ ಹಿಮ, ಕೊಳ, ದೋಣಿಗಳ ಚಿತ್ರಗಳಿಂದ ಹೆಸರಾದರು. ಅವನ್ನು ಬರೆದದ್ದು ಮಾತ್ರ ಲಂಡನ್ನಿನಲ್ಲಿ ಕೂತು. ಫೋಟೊಗಳನ್ನೂ ಬಳಸುತ್ತಾರೆ, ಆದರೆ ನಕಲಿಗಲ್ಲ. ಫೋಟೊ ನೆನಪನ್ನು ಕೆದಕುವ ಕಡ್ಡಿ ಅಷ್ಟೆ. ತೆಳು ಬಣ್ಣ ಸೋರಿ ಇಳಿಯುತ್ತದೆ, ಹಿಮಕ್ಕೆ ಗುಲಾಬಿ ಛಾಯೆ ಬರುತ್ತದೆ.

ಕೊಡಗಿನವರಿಗೆ ಇದು ಅರ್ಥವಾಗಲು ದೂರ ಹೋಗಬೇಕಿಲ್ಲ. 2018ರ ಆಗಸ್ಟ್ ಮಳೆಗೆ ಮಕ್ಕಂದೂರಿನ ಸುತ್ತ ಗುಡ್ಡಗಳೇ ಜಾರಿದವು. ಕೊಚ್ಚಿಹೋದ ಕಾಫಿ ತೋಟವನ್ನು ಎದುರಿಗೆ ನಿಂತು ಬರೆಯಲಾಗದು. ಅದೀಗ ಉಳಿದಿರುವುದು ಅಲ್ಲಿ ಬದುಕಿದವರ ಕಣ್ಣೊಳಗೆ.

ಬಣ್ಣವೂ ಹಾಗೆಯೇ. ಕಕ್ಕಡದ, ಅಂದರೆ ಕೊಡವರ ಮಳೆಗಾಲದ ತಿಂಗಳಿನ, ಮಳೆ ಅಂದರೆ ನನಗೆ ಬೂದು ಅಲ್ಲವೇ ಅಲ್ಲ, ಆಗ ಮದ್ದುಸೊಪ್ಪು ಎಂಬ ಔಷಧೀಯ ಸೊಪ್ಪಿನಿಂದ ಮಾಡುವ ಪಾಯಸದ ಗಾಢ ನೇರಳೆ. ನಿಮಗೂ ಹಾಗೆನಿಸಿದರೆ ಬೆಟ್ಟವನ್ನು ಆ ಬಣ್ಣದಲ್ಲೇ ಬರೆಯಿರಿ, ಗೆರೆ ತಪ್ಪಿದರೆ ತಪ್ಪಲಿ. ಊರಿನ ಹಳೆಯ ಫೋಟೊವನ್ನು ಒಮ್ಮೆ ನೋಡಿ ಮಗುಚಿಟ್ಟು, ಮರುದಿನ ಕುಂಚ ಹಿಡಿಯಿರಿ.