ಗಾಜಿನ ಆಚೆಯ ನಗು

(ಗುರುತು ಸಿಗದ ಹಾಗೆ ಹೆಸರು, ವಿವರ ಬದಲಿಸಿದ್ದೇನೆ.)

ಸುಮಾ ಧಾರವಾಡದ ಕಡೆಯವರು, ಹಿಂದೂಸ್ತಾನಿ ಕಲಿತವರು. ಶಿಶುನಾಳ ಶರೀಫರ ಎಂಟು ತತ್ವಪದಗಳ ಆಲ್ಬಂ ಮಾಡಲು ಬೆಂಗಳೂರಿಗೆ ಬಂದಿದ್ದರು. ದುಡ್ಡು ಅವರದ್ದೇ. ಪ್ರೊಡ್ಯೂಸರ್ ರಘು ಹಳೆಯ ಗೆಳೆಯ. ಐದು ಹಾಡು ಮುಗಿಯುವಷ್ಟರಲ್ಲಿ ಇಬ್ಬರ ನಡುವೆ ಮಾತು ನಿಂತಿತ್ತು. ಮೈಕ್ ಮುಂದೆ ನಿಂತರೆ ಸುಮಾಗೆ ಗಂಟಲು ಕಟ್ಟುತ್ತಿತ್ತು. ಗಂಟಲಿಗೆ ಏನೂ ಆಗಿಲ್ಲ ಅಂತ ಇಎನ್‌ಟಿ ಡಾಕ್ಟರು ಹೇಳಿದ ಮೇಲೆ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದರು.

"ನನ್ನ ದನಿಗೆ ಇಸ್ತ್ರಿ ಹೊಡದಾರ್ರೀ" ಅಂದರು. ಪಿಚ್ (ಸ್ವರದ ಎತ್ತರ) ಸರಿ ಮಾಡುವ ಸಾಫ್ಟ್‌ವೇರನ್ನು ನೋಡಿ ಬಳಸದಿದ್ದರೆ, ಬೇಕಂತಲೇ ಜಾರಿಸಿದ ಸ್ವರವನ್ನೂ ಅದು ಪಕ್ಕದ ಸ್ವರಕ್ಕೆ ಎಳೆದು ಕೂರಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅವರ ಮೀಂಡ್‌ಗಳೆಲ್ಲ ಹಾಗೇ ಹೋಗಿದ್ದವು. ಬೇರೆ ಬೇರೆ ಸಲ ಹಾಡಿದ ಟೇಕ್‌ಗಳ ಸಾಲುಗಳನ್ನು ಆರಿಸಿ ಜೋಡಿಸಿದ್ದೂ ಅವರಿಗೆ ಗೊತ್ತಿರಲಿಲ್ಲ. ಹಾಗೆ ಜೋಡಿಸೋದು ಸ್ಟುಡಿಯೋದಲ್ಲಿ ಮಾಮೂಲಿ. ಆದರೆ ಕೇಳಬೇಕಿತ್ತು.

ಇನ್ನೂ ಸ್ವಲ್ಪ ಕೆದಕಿದಾಗ ಇನ್ನೊಂದು ವಿಷಯ ಹೊರಬಂತು. ಟೇಕ್ ಮುಗಿದಾಗ ಹಾಡುವ ಕೋಣೆಯ ಗಾಜಿನ ಆಚೆ ರಘು, ಎಂಜಿನಿಯರ್ ಏನೋ ಮಾತಾಡಿ ನಗುತ್ತಾರೆ. ಟಾಕ್‌ಬ್ಯಾಕ್ ಬಟನ್ ಒತ್ತದಿದ್ದರೆ ಒಳಗಿದ್ದವರಿಗೆ ಏನೂ ಕೇಳಿಸಲ್ಲ. ತುಟಿ ಅಲ್ಲಾಡೋದಷ್ಟೇ ಕಾಣುತ್ತದೆ. ಆಮೇಲೆ ಹೆಡ್‌ಫೋನಲ್ಲಿ "ಇನ್ನೊಂದ್ಸಲ ಹೋಗೋಣ" ಅಂತ ಬರುತ್ತದೆ. ಯಾಕೆ ಅಂತ ಯಾರೂ ಹೇಳಲ್ಲ. ದಿನವಿಡೀ ಹೀಗಾದರೆ ನನ್ನನ್ನೇ ಆಡಿಕೊಂಡು ನಗ್ತಿದ್ದಾರೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ಮುಂದಿನ ಭೇಟಿಗೆ ರಘು ಕೂಡ ಬಂದರು. "ಊಟಕ್ಕೆ ಏನು ತರಿಸೋದು ಅಂತ ಮಾತಾಡ್ತಿದ್ವಿ ಮೇಡಂ! ಬಾಡಿಗೆ ಗಂಟೆ ಲೆಕ್ಕ. ಎಲ್ಲದಕ್ಕೂ ಕೇಳ್ತಾ ಕೂತರೆ ಅವಳದ್ದೇ ದುಡ್ಡು ಹಾಳು." ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೂ ಈ ವಿಷಯದಲ್ಲಿ ನಾನು ಸುಮಾ ಕಡೆಗೇ.

ರಘುಗೆ ಹೇಳಿದ್ದು: ಟೇಕ್ ಮುಗಿದ ತಕ್ಷಣ ಬಟನ್ ಒತ್ತಿ ಒಂದು ಮಾತು ಹೇಳಿ. "ಫೀಲ್ ಬರ್ಲಿಲ್ಲ" ಬೇಡ, "ಎರಡನೇ ಚರಣದಲ್ಲಿ ಉಸಿರು ಕೇಳಿಸ್ತು" ಅನ್ನಿ. ಟೇಕ್ ಆರಿಸುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಹಾಡಿದ ದಿನವೇ ಅಲ್ಲ. ಆವತ್ತು ಹಾಡಿದವರಿಗೆ ತಪ್ಪೇ ಜಾಸ್ತಿ ಕೇಳಿಸೋದು. ತಿದ್ದದ ಟ್ರ್ಯಾಕನ್ನೂ ಉಳಿಸಿ, ಎರಡನ್ನೂ ಕೇಳಿಸಿ.

ಸುಮಾಗೂ ಹೇಳುವುದಿತ್ತು. ರಾತ್ರಿ ಹನ್ನೊಂದಕ್ಕೆ ಸಾಲು ಸಾಲು ವಾಯ್ಸ್ ನೋಟ್ ಕಳಿಸುವುದು ನಿಲ್ಲಬೇಕು. ಹಾಡಿನ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿನಲ್ಲಿ ತಕರಾರು ಅಂತ ಒಂದೇ ಪಟ್ಟಿ ಬರೆದು ಕೊಡಿ. ತಬಲಾ ಎಷ್ಟು ಮುಂದೆ ಕೇಳಿಸಬೇಕು ಅನ್ನೋದು ರಘುಗೆ ಬಿಡಿ.

ದುಡ್ಡಿನ ಮಾತನ್ನು ಗೆಳೆತನದ ಮುಲಾಜಿಗೆ ಇಬ್ಬರೂ ಎತ್ತಿರಲಿಲ್ಲ. ಶರೀಫರ ಪದಗಳು ಈಗ ಎಲ್ಲರವು. ಆದರೆ ರಘು ಹಾಕಿದ ಹೊಸ ಟ್ಯೂನು, ಸುಮಾ ಹಾಡಿಕೆ, ರೆಕಾರ್ಡಿಂಗ್ ಮೂರಕ್ಕೂ ಬೇರೆ ಬೇರೆ ಹಕ್ಕಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ ಹಾಡಿದವರಿಗೂ ರಾಯಲ್ಟಿ ಕೇಳುವ ಹಕ್ಕು ಬಂದಿದೆ. ಬಿಡುಗಡೆಗೆ ಮುಂಚೆಯೇ ವಕೀಲರನ್ನು ಕೇಳಿ ಬರೆದಿಟ್ಟುಕೊಳ್ಳಿ ಅಂದೆ.

ಎರಡು ಹಾಡು ಮತ್ತೆ ರೆಕಾರ್ಡ್ ಆದವು. ಗಂಟಲು ಕಟ್ಟಲಿಲ್ಲ. ಒಂದು ಪದಕ್ಕೆ ಗಿಟಾರ್ ಬೇಕೋ ಏಕತಾರಿ ಸಾಕೋ ಅಂತ ಜಗಳ ಮಾತ್ರ ಇನ್ನೂ ಇದೆ. ಅದಕ್ಕೆಲ್ಲ ನನ್ನ ಹತ್ತಿರ ಬರಬೇಕಿಲ್ಲ ಅಂತ ಹೇಳಿ ಕಳಿಸಿದೆ.