ನಿದ್ದೆಯ ಮಾತು ಬಿಡಿ, ಕಿಂಡಿ ತೋರಿಸಿ

ಚಿತ್ರದುರ್ಗದಿಂದ ನೀವು ಕಳಿಸಿದ ‘ಮಲಗಿದ ಮೊಗ್ಗು’ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ, ಅಕ್ಷರ ಮುದ್ದಾಗಿದೆ. ಹೊಗಳಿಕೆ ಇಷ್ಟೇ. ಎರಡನೇ ಪ್ಯಾರಾ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಚಳಿ ದೇಶದ ಆಸ್ಪೆನ್, ಬರ್ಚ್ ಮರಗಳ ಬಗ್ಗೆ ನೀವು ಬರೆದ ಸಾಲು: “ಚಳಿ ಬೀಳುತ್ತಲೇ ಮೊಗ್ಗು ಪ್ರಕೃತಿ ಮಾತೆಯ ಮಡಿಲಲ್ಲಿ ಗಾಢ ನಿದ್ದೆಗೆ ಜಾರುತ್ತದೆ.”

ಮಡಿಲಿನ ವಿಷಯ ಬಿಡಿ, ವಾರಕ್ಕೆ ನಾಲ್ಕು ಲೇಖನ ಅದೇ ಮಡಿಲಲ್ಲಿ ಮಲಗಿ ಬರುತ್ತವೆ. ನನ್ನ ತಕರಾರು “ಚಳಿ ಬೀಳುತ್ತಲೇ” ಅನ್ನೋದರ ಮೇಲೆ. ಈ ಮರಗಳು ಅಳೆಯುವುದು ಹಗಲನ್ನು. ಬೇಸಿಗೆ ಮುಗಿಯುತ್ತಾ ಹಗಲು ಕಿರಿದಾಗುತ್ತದೆ. ಹವೆ ಇನ್ನೂ ಬೆಚ್ಚಗಿರುವಾಗಲೇ ಕುಡಿ ಬೆಳೆಯುವುದನ್ನು ನಿಲ್ಲಿಸಿ, ಗಟ್ಟಿ ಪೊರೆಗಳನ್ನು ಹೊದ್ದು ಮೊಗ್ಗಾಗುತ್ತದೆ.

ಮುಂದಿನ ಸಾಲು: “ಆಗ ಜೀವಕೋಶಗಳಲ್ಲಿ ಗಮನಾರ್ಹ ಬದಲಾವಣೆಗಳು ಉಂಟಾಗುತ್ತವೆ.”

ಯಾವ ಬದಲಾವಣೆ? ಲೇಖನ ಇರುವುದೇ ಅದನ್ನು ಹೇಳೋಕೆ ಅಲ್ವಾ? ಅಕ್ಕಪಕ್ಕದ ಜೀವಕೋಶಗಳ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳಿವೆ. ‘ಬೆಳೆ’ ಅನ್ನುವ ಸುದ್ದಿ ಒಂದರಿಂದ ಇನ್ನೊಂದಕ್ಕೆ ದಾಟುವುದು ಅಲ್ಲೇ. ಹಗಲು ಕಿರಿದಾದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ. ಅದರಿಂದ ಕಿಂಡಿಯ ಕತ್ತಿನಲ್ಲಿ ಕ್ಯಾಲೋಸ್ ಎಂಬ ಪದಾರ್ಥ ಕೂತು ದಾರಿ ಮುಚ್ಚುತ್ತದೆ. ಮಿಶ್ರತಳಿ ಆಸ್ಪೆನ್‌ನಲ್ಲಿ ಈ ಹಾರ್ಮೋನಿನ ಕೈವಾಡವನ್ನು 2018ರಲ್ಲಿ ತೋರಿಸಿದ್ದಾರೆ. ಓಬವ್ವನ ಊರಿನವರು ನೀವು, ಕಿಂಡಿ ಕಾಯುವುದು ಅಂದರೇನು ಅಂತ ನಿಮಗೆ ನಾನು ಹೇಳಬೇಕಾ?

ಮೂರನೆಯದು: “ವಸಂತ ಬಂದು ಮೆಲ್ಲನೆ ತಟ್ಟಿ ಎಬ್ಬಿಸುತ್ತಾನೆ.” ಇಲ್ಲ. ಕಿಂಡಿ ತೆರೆಸುವುದು ಚಳಿ. ವಾರಗಟ್ಟಲೆ ಚಳಿ ತಿಂದ ಮೇಲೆ ಜೀವಕೋಶದೊಳಗಿನ ಎಣ್ಣೆಯ ಹನಿಗಳು ಕ್ಯಾಲೋಸ್ ಕರಗಿಸುವ ಕಿಣ್ವವನ್ನು ಹೊತ್ತು ಗೋಡೆಯ ಬಳಿಗೆ ಬರುತ್ತವೆ. ವಸಂತ ಬರುವಷ್ಟರಲ್ಲಿ ದಾರಿ ತೆರೆದಿರುತ್ತದೆ, ಹವೆ ಬೆಚ್ಚಗಾಗುವುದಷ್ಟೇ ಬಾಕಿ. ಮಲಗಿಸಿದ್ದು ಚಳಿ ಅಂದಿರಿ. ಅದೇ ಚಳಿ ಎಬ್ಬಿಸುವ ಕೆಲಸ ಮಾಡುತ್ತಿದೆ ನೋಡಿ! ಇಷ್ಟು ಒಳ್ಳೆಯ ಕಥೆಯನ್ನು ನಿದ್ದೆಯ ಹೊದಿಕೆ ಹಾಕಿ ಮುಚ್ಚಿಬಿಟ್ಟಿದ್ದೀರಿ.

“ಗಮನಾರ್ಹ” ಕಂಡರೆ ನನಗೆ ಯಾಕೆ ಉರಿಯುತ್ತದೆ ಅಂತ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ನಾನು ಕೆಲಸ ಕಲಿತದ್ದು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಒಮ್ಮೆ “ದಾಸ್ತಾನಿಟ್ಟ ಈರುಳ್ಳಿಗೆ ಗಣನೀಯ ಹಾನಿ” ಅಂತ ಬರೆದೆ. ಸಂಪಾದಕರು ಏನೂ ಅನ್ನಲಿಲ್ಲ. ಮನೆಗೆ ಒಯ್ಯಲು ಇಟ್ಟಿದ್ದ ಕೈಚೀಲದಿಂದ ಒಂದು ಈರುಳ್ಳಿ ತೆಗೆದರು. ಕಾಗದ ಕೊಯ್ಯುವ ಚಾಕುವಿನಲ್ಲಿ ಸೀಳಿ ನನ್ನ ಪ್ರೂಫಿನ ಮೇಲೇ ಇಟ್ಟರು. “ಗಣನೀಯ ಎಲ್ಲೈತೆ, ತೋರ್ಸು.”

ನಡುವೆ ಬೆರಳುದ್ದದ ಹಸಿರು ಮೊಳಕೆ. ಸುತ್ತಲಿನ ಪದರಗಳು ಮೆತ್ತಗಾಗಿ, ಒಂದಕ್ಕೊಂದು ಸಡಿಲಾಗಿ, ಮೊಳಕೆಯ ಹತ್ತಿರದ್ದಂತೂ ಜೊಳ್ಳಾಗಿತ್ತು. ರಸ ಇಳಿದು ಪ್ರೂಫಿನ ಶಾಯಿ ಕಲಸಿಹೋಯಿತು. ಕಂಡದ್ದನ್ನೇ ಬರೆದೆ. ಮೂರು ಸಾಲಾಯಿತು. ಅದರಲ್ಲೂ ಒಂದನ್ನು ಹೊಡೆದುಹಾಕಿದರು. ಆ ಮಧ್ಯಾಹ್ನ ಬೆಣ್ಣೆದೋಸೆ ತಿನ್ನುವಾಗಲೂ ನನ್ನ ಕೈ ಈರುಳ್ಳಿ ನಾರುತ್ತಿತ್ತು.

ನೀವು ಆಸ್ಪೆನ್ ಮೊಗ್ಗನ್ನು ಸೀಳಿ ನೋಡೋಕಾಗಲ್ಲ, ಒಪ್ಪಿದೆ. ಆದರೆ ನೋಡಿದವರು ಏನು ಕಂಡರು ಅಂತ ಬರೆಯಬಹುದಲ್ಲ?

ಎರಡನೇ ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಕೊನೆಯಲ್ಲಿ “ನಮ್ಮ ಬೇವೂ ಹೀಗೆಯೇ” ಅಂದಿದ್ದೀರಿ, ಅದನ್ನು ತೆಗೆಯಿರಿ. ಬಯಲುಸೀಮೆಯ ಬೇವು ಒಣಹವೆಗೆ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಚಿಗುರುತ್ತದೆ, ಅದರ ಲೆಕ್ಕವೇ ಬೇರೆ. ಶೀರ್ಷಿಕೆ ನಾನು ಬದಲಾಯಿಸಿಕೊಳ್ಳುತ್ತೇನೆ, ಸುಮ್ನೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.